ಕಾಲುಮೀನಿಗೆ ಮೈ ಹೊದಿಸಿದವಳು

ಚಿಪ್ಪಕ್ಕ ಎಂದರೆ ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಒಡೆದ ಟೈಲಿನ ಚೂರುಗಳನ್ನು ಹಸಿ ಗಾರೆಯ ಮೇಲೆ ಕೂರಿಸಿ ನೆಲಕ್ಕೂ ಗೋಡೆಗೂ ಚಿತ್ತಾರ ಮಾಡುವುದು ಅವಳ ಕಸುಬು. ಚೂರುಗಳನ್ನು ಅವಳು ಚಿಪ್ಪು ಎನ್ನುತ್ತಿದ್ದಳು. ಜನ ಅವಳನ್ನೇ ಚಿಪ್ಪಕ್ಕ ಎಂದರು. ಅವಳ ಗಂಡ ಕಂಬಿ ಮೇಸ್ತ್ರಿ. ಕಾಂಕ್ರೀಟಿನ ಒಳಗೆ ಹೋಗುವ ಕಬ್ಬಿಣದ ಕಂಬಿಗಳನ್ನು ಬಗ್ಗಿಸಿ, ತಂತಿಯಿಂದ ಬಿಗಿದು ನಿಲ್ಲಿಸುವವನು. "ನಾನು ಮೂಳೆ, ಇವಳು ಚರ್ಮ. ನಡುವಿನ ಮಾಂಸ ಮಾತ್ರ ಸಿಮೆಂಟಿನವನದು," ಎಂದು ಹೊಸಬರಿಗೆ ತಮ್ಮಿಬ್ಬರ ಪರಿಚಯ ಮಾಡಿಕೊಡುತ್ತಿದ್ದ.

ಅವನ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಕೆಲಸದಲ್ಲಿ ಮಾತು, ಊಟದಲ್ಲಿ ಮಾತು, ನಿದ್ದೆಯಲ್ಲೂ ಏನೋ ಒಂದು ಗೊಣಗಾಟ. ಅವಳೋ ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಹೆಚ್ಚು. ಒಂದು ಸಿನಿಮಾ ಮಂದಿರ ಕಟ್ಟುವಾಗ ಇಬ್ಬರೂ ಮೊದಲು ಕಂಡದ್ದು. ಅವನು ಮೂರನೆಯ ಅಂತಸ್ತಿನಲ್ಲಿ ಕಂಬಿ ಕಟ್ಟುತ್ತಿದ್ದ, ಅವಳು ಕೆಳಗಿನ ಹಜಾರದ ನೆಲಕ್ಕೆ ಚಿಪ್ಪು ಕೂರಿಸುತ್ತಿದ್ದಳು. ಚಹಾದ ಹೊತ್ತಾದರೆ ಸಾಕು, ಅವನು ಮೇಲಿಂದ ಇಳಿದು ಬಂದು ಅವಳ ಪಕ್ಕದ ಸಿಮೆಂಟ್ ಚೀಲದ ಮೇಲೆ ಕೂತು ಹರಟೆ ಶುರು ಮಾಡುತ್ತಿದ್ದ. ನೆಲ ಮುಗಿಯುವ ಹೊತ್ತಿಗೆ ಅವಳು ಹೇಳಿದಳಂತೆ, "ಇಷ್ಟು ಮಾತು ಯಾರ ಹತ್ತಿರಾನೂ ಕೇಳಿಲ್ಲ ನಾನು. ಇನ್ನು ಕೇಳದೆ ಇರೋಕೂ ಆಗಲ್ಲ." ಮದುವೆಯ ಮಾತುಕತೆ ಅಂತ ಅವರ ನಡುವೆ ನಡೆದದ್ದು ಇಷ್ಟೇ.

ಮದುವೆಯಾದ ಮೇಲೂ ಅವಳು ಅವನನ್ನು ಮೇಸ್ತ್ರಿ ಎಂದೇ ಕರೆದಳು, ಅವನು ಅವಳನ್ನು ಚಿಪ್ಪು ಎಂದ. ಮಕ್ಕಳಾಗಲಿಲ್ಲ. ಬೀದಿಯ ಕಡೆಗೊಂದು ತಗಡಿನ ಶೆಡ್ಡು, ಅದರ ಹಿಂದೆ ಎರಡು ಕೋಣೆ, ಅದರಾಚೆ ನೀರಿನ ತೊಟ್ಟಿ. ಒಳಗಿನ ಕೋಣೆಯಲ್ಲಿ ಮೇಸ್ತ್ರಿಯ ತಾಯಿ. ಮುದುಕಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಕೂಗಿ ಹೇಳಬೇಕು. ಹೀಗಾಗಿ ಆ ಮನೆಯ ಯಾವ ಗುಟ್ಟೂ ಮನೆಯೊಳಗೆ ಉಳಿಯುತ್ತಿರಲಿಲ್ಲ. ಅತ್ತೆಗೆ ಏನು ಅಡುಗೆ ಬೇಕು, ಮಾತ್ರೆ ನುಂಗಿದರೋ ಇಲ್ಲವೋ, ಎಲ್ಲ ಎದುರು ಮನೆಯ ನಮಗೂ ತಿಳಿಯುತ್ತಿತ್ತು.

ಮೇಸ್ತ್ರಿಗೆ ಹೊರಗೆ ಕೆಲಸವಿಲ್ಲದ ದಿನ ಅವನ ಜಾಗ ಶೆಡ್ಡಿನಲ್ಲಿ, ಹೆಂಡತಿಯ ಪಕ್ಕದಲ್ಲಿ. ಅವಳು ಕಟಿಂಗ್ ಮಿಷನ್ ಹಚ್ಚಿ ಟೈಲು ಕೊಯ್ಯುತ್ತಿದ್ದರೆ ಬಿಳಿ ಧೂಳು ಹೊಗೆಯ ಹಾಗೆ ಏಳುತ್ತಿತ್ತು. ಅವಳು ಮೂಗು ಬಾಯಿಗೆ ಒದ್ದೆ ಬಟ್ಟೆ ಬಿಗಿದುಕೊಂಡು ಕೂರುವಳು. ಅವನು ಬರೀ ಮುಖದಲ್ಲಿ.

"ಆ ಕಡೆ ಹೋಗಿ ಕೂತ್ಕೊ ಮೇಸ್ತ್ರಿ. ಇಲ್ಲಾ ಬಟ್ಟೆ ಕಟ್ಕೊ."

"ಬಟ್ಟೆ ಕಟ್ಕೊಂಡ್ರೆ ಮಾತಾಡೋದು ಹೇಗೆ? ಆ ಕಡೆ ಹೋದ್ರೆ ನಿಂಗೆ ಕೇಳ್ಸೋದು ಹೇಗೆ?"

ಸಂಜೆಯ ಹೊತ್ತಿಗೆ ಅವನ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ, ಅವನ ತಾಯಿ ಬಾಗಿಲಿಗೆ ಬಂದು "ಇವನ್ಯಾರೋ ನನಗಿಂತ ಮುದುಕ ಬಂದ," ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಊರಿನ ಕಡಲ ದಂಡೆಯ ಉದ್ದಕ್ಕೂ ನಗರಸಭೆ ಹೊಸ ಕಾಲುದಾರಿ ಮಾಡಿಸಿ, ಅದರ ಮೇಲೆ ಒಂದು ಶಿಲ್ಪದ ಸಾಲು ನಿಲ್ಲಿಸಬೇಕು ಎಂದು ತೀರ್ಮಾನಿಸಿದ ವರ್ಷ ಶಿಲ್ಪಿ ಮೇಡಂ ಇವರ ಶೆಡ್ಡನ್ನು ಹುಡುಕಿಕೊಂಡು ಬಂದರು. ಗಿಡ್ಡ ಕೂದಲಿನ ಹೆಂಗಸು, ಬೆರಳ ತುಂಬ ಬಣ್ಣದ ಕಲೆ, ಮಾತಿನಲ್ಲಿ ಯಾವ ಬಿಗುಮಾನವೂ ಇಲ್ಲ. ನೆಲದ ಮೇಲೆ ಕೂತು ದೊಡ್ಡ ದೊಡ್ಡ ಚಿತ್ರಗಳನ್ನು ಹರಡಿದರು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲು ಕಡಲಲ್ಲಿದ್ದ ಜೀವಿಗಳು. ಮೈತುಂಬ ಪಟ್ಟಿ ಪಟ್ಟಿ ಇರುವ ಒಂದು ಹುಳ, ಕುರಿಯ ಕೊಂಬಿನಂತೆ ಸುತ್ತಿಕೊಂಡ ಚಿಪ್ಪಿನೊಳಗಿಂದ ಕೈಗಳನ್ನು ಚಾಚಿದ ಒಂದು ಪ್ರಾಣಿ, ಆಳೆತ್ತರದ ಕಡಲ ಚೇಳು, ತಲೆಗೆ ಎಲುಬಿನ ಕವಚ ತೊಟ್ಟ ಮೀನು. ಸಾಲಿನ ಕೊನೆಯಲ್ಲಿ, ಅರ್ಧ ಮೈ ನೀರಲ್ಲಿ ಅರ್ಧ ಮೈ ದಡದಲ್ಲಿ ಇರುವ ಇನ್ನೊಂದು.

ಮೇಸ್ತ್ರಿ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದ. "ಇದು ಮೀನಾ, ಹಲ್ಲಿನಾ ಮೇಡಂ?"

"ಮೀನೇ. ಹಲ್ಲಿ ಆಗೋಕೆ ಹೊರಟಿದೆ ಅಂತ ಅದಕ್ಕೇ ಗೊತ್ತಿರಲಿಲ್ಲ."

"ಅಂದ್ರೆ ದಾರಿ ತಪ್ಪಿ ದಡಕ್ಕೆ ಬಂದಿದ್ದು ಅನ್ನಿ."

"ಹಾಗೇ ಇಟ್ಕೊಳ್ಳಿ," ಮೇಡಂ ನಕ್ಕರು. "ನೀರು ಕೆಟ್ಟಾಗ, ಕಡಿಮೆಯಾದಾಗ ಮೇಲಕ್ಕೆ ಬಂದು ಗಾಳಿ ಎಳ್ಕೊಳ್ತಿತ್ತು. ಒಳಗೆ ಪುಪ್ಪುಸ ಇತ್ತು ಇದಕ್ಕೆ. ಈ ರೆಕ್ಕೆ ನೋಡಿ, ಒಳಗಿನ ಮೂಳೆ ಹೇಗಿದೆ ಅಂತ. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಚಿಕ್ಕ ಚಿಕ್ಕವು ಒಂದಷ್ಟು. ನಿಮ್ಮ ಕೈ ಹಿಡಿದು ನೋಡ್ಕೊಳ್ಳಿ, ಅದೇ ಲೆಕ್ಕ."

ಮೇಸ್ತ್ರಿ ತನ್ನ ತೋಳನ್ನು ಮೇಲಿನಿಂದ ಕೆಳಗೆ ಒತ್ತಿ ನೋಡಿಕೊಂಡ. ತೋಳಲ್ಲಿ ಒಂದು, ಮುಂಗೈಯಲ್ಲಿ ಎರಡು. ನಂಬಿಕೆ ಬಾರದೆ ಹೆಂಡತಿಯ ಕೈಯನ್ನು ಎಳೆದು ಅಲ್ಲೂ ಹುಡುಕಿದ. ಹೊರಗಿನವರ ಎದುರು ಹಾಗೆ ಕೈ ಹಿಡಿದದ್ದಕ್ಕೆ ಚಿಪ್ಪಕ್ಕನ ಮುಖ ಕೆಂಪೇರಿತು. "ಬಿಡು ಮೇಸ್ತ್ರಿ, ಗಾರೆ ಒಣಗ್ತಿದೆ," ಎಂದಳು. ಅವನು ಬಿಡಲಿಲ್ಲ. "ನೋಡೇ ಚಿಪ್ಪು, ನಾನು ಇಷ್ಟು ವರ್ಷ ಕಂಬಿ ಕಟ್ಟಿದ್ದು ಈ ಮೀನಿನ ಹತ್ತಿರ ಕಲಿತೇ ಅನ್ಸುತ್ತೆ."

ಆವತ್ತಿನಿಂದ ಅವನಿಗೆ ಬೇರೆ ಧ್ಯಾನವೇ ಇಲ್ಲ. ದಂಡೆಯ ಮೇಲೆ ತಗಡಿನ ಮರೆ ಕಟ್ಟಿ ಕೆಲಸ ಶುರುವಾಯಿತು. ಅವನು ಕಂಬಿಯಿಂದ ಪ್ರಾಣಿಯ ಗೂಡು ಕಟ್ಟುವುದು, ಅದರ ಮೇಲೆ ಜಾಲರಿ ಹೊದಿಸುವುದು, ಮೇಲೆ ಗಾರೆ, ಗಾರೆಯ ಮೇಲೆ ಚಿಪ್ಪಕ್ಕನ ಚಿಪ್ಪು. ಪಟ್ಟಿಪಟ್ಟಿಯ ಪ್ರಾಣಿಗೆ ಹುಳಪ್ಪ ಎಂದು ಹೆಸರಿಟ್ಟ. ಸುತ್ತಿಕೊಂಡದ್ದು ಸುರುಳಿಯಮ್ಮ. ಕವಚದ ಮೀನಿಗೆ ಇನ್‌ಸ್ಪೆಕ್ಟರ್. ಕೊನೆಯದು ಕಾಲುಮೀನು. ಮನೆಗೆ ಬಂದು ತಾಯಿಯ ಎಡಗಿವಿಗೆ ಬಾಯಿಟ್ಟು ಅವುಗಳ ಕತೆ ಕೂಗುತ್ತಿದ್ದ. ಮುದುಕಿ ಮುಖ ಸಿಂಡರಿಸಿ, "ಇಷ್ಟು ದೊಡ್ಡ ಊರಲ್ಲಿ ನಿಲ್ಲಿಸೋಕೆ ಒಂದು ಲಕ್ಷಣವಾದ ಮುಖ ಸಿಗಲಿಲ್ವಾ ಅವರಿಗೆ?" ಎನ್ನುತ್ತಿದ್ದಳು.

ಕೆಮ್ಮು ಯಾವಾಗ ಶುರುವಾಯಿತೆಂದು ಸರಿಯಾಗಿ ಹೇಳುವವರಿಲ್ಲ. ಒಣ ಕೆಮ್ಮು, ಬಂದು ಹೋಗುತ್ತಿತ್ತು. ಕಡಲ ಗಾಳಿಗೆ ಎಂದ, ಬೀಡಿ ಬಿಟ್ಟದ್ದಕ್ಕೆ ಎಂದ, ಎಲ್ಲದಕ್ಕೂ ಒಂದೊಂದು ಜೋಕು. ಇನ್‌ಸ್ಪೆಕ್ಟರ್ ಮೀನಿನ ಬೆನ್ನಿಗೆ ಏರಿ ಕಂಬಿ ಬಿಗಿಯುವಾಗ ನಡುವೆ ನಿಂತು, ಏಣಿಗೆ ಹಣೆ ಆನಿಸಿ, ಸುಮ್ಮನೆ ಕೆಳಗೆ ನೋಡುತ್ತಿದ್ದುದನ್ನು ಚಿಪ್ಪಕ್ಕ ಒಂದೆರಡು ಸಲ ಕಂಡಳು. ಕೇಳಿದರೆ "ಮೇಲಿಂದ ನೀನು ಚೆಂದ ಕಾಣ್ತೀಯ, ನೋಡ್ತಿದ್ದೆ," ಎಂದ. ಅವಳು ನಂಬಿದಳು. ನಂಬದೆ ಇರುವುದಕ್ಕೆ ಅವಳಿಗೂ ಧೈರ್ಯ ಇರಲಿಲ್ಲವೇನೋ.

ಒಂದು ದಿನ ಬೀದಿಯ ತುದಿಯಿಂದ ಮನೆಗೆ ನಡೆದು ಬರುವಾಗ ಅವನು ಮಾತು ನಿಲ್ಲಿಸಿದ. ನಡೆಯುತ್ತ ಮಾತಾಡುವುದು ಅವನಿಂದ ಆಗಲಿಲ್ಲ. ಒಂದೋ ನಡೆಯಬೇಕು, ಒಂದೋ ಮಾತಾಡಬೇಕು. ಮರುದಿನ ಬೆಳಿಗ್ಗೆ ಚಿಪ್ಪಕ್ಕ ಅವನ ಅಂಗಿಯ ತೋಳು ಹಿಡಿದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಪುಪ್ಪುಸದ ತುಂಬ ಸಣ್ಣ ಸಣ್ಣ ಬಿಳಿ ಚುಕ್ಕೆ, ಕೆಲವು ಕಡೆ ಗಂಟುಗಟ್ಟಿ ಮೋಡದ ಹಾಗೆ.

"ಏನು ಕೆಲಸ ನಿಮ್ಮದು?"

"ಕಂಬಿ ಕಟ್ಟೋದು. ಹುಡುಗಾಟದ ವಯಸ್ಸಲ್ಲಿ ಸ್ವಲ್ಪ ಕಾಲ ಜಲ್ಲಿ ಕ್ರಷರಿನಲ್ಲಿ ಇದ್ದೆ," ಎಂದ ಮೇಸ್ತ್ರಿ.

"ಕಲ್ಲಿನ ಧೂಳು. ಒಳಗೆ ಹೋಗಿ ಕೂತಿದೆ. ಕೂತ ಕಡೆ ಪುಪ್ಪುಸ ಗಟ್ಟಿಯಾಗಿಬಿಡುತ್ತೆ. ಅದನ್ನ ವಾಪಸು ತೆಗೆಯೋಕೆ ಆಗಲ್ಲ."

ಮೇಸ್ತ್ರಿಯನ್ನು ಹೊರಗೆ ಕೂರಿಸಿ ಚಿಪ್ಪಕ್ಕ ಒಬ್ಬಳೇ ಮತ್ತೆ ಒಳಗೆ ಹೋದಳು. ತನ್ನ ಕೆಲಸ ಏನು, ಮಿಷನ್ ಎಂಥದ್ದು, ಅವನು ಎಲ್ಲಿ ಕೂರುತ್ತಿದ್ದ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಷ್ಟು ಉದ್ದ ಅವಳು ಮಾತಾಡಿದ್ದು ಅದೇ ಮೊದಲಿರಬೇಕು.

"ಅವನೊಳಗೆ ಇರೋದು ಕ್ರಷರಿನ ಧೂಳಾ, ನನ್ನ ಮಿಷನ್ ಧೂಳಾ? ಅಷ್ಟು ಹೇಳಿ ಡಾಕ್ಟ್ರೇ."

ಡಾಕ್ಟರು ಎಕ್ಸ್‌ರೇಯನ್ನು ಕೆಳಗಿಟ್ಟರು. "ಒಳಗೆ ಹೋದ ಮೇಲೆ ಧೂಳಿಗೆ ಹೆಸರು ಇರಲ್ಲಮ್ಮ. ಕ್ರಷರಿಂದು ಇದೆ, ಅದು ಖಂಡಿತ. ನಿಮ್ಮದು ಸೇರಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ನಿಮ್ಮದೂ ಒಂದು ಎಕ್ಸ್‌ರೇ ತೆಗೆಸೋಣ."

ಅವಳದು ತೆಗೆದರು. ಶುಭ್ರವಾಗಿತ್ತು. ಇಷ್ಟು ವರ್ಷ ಮೂಗಿಗೆ ಕಟ್ಟಿಕೊಂಡ ಒದ್ದೆ ಬಟ್ಟೆ ಕಾಪಾಡಿತೋ, ಅವಳ ಅದೃಷ್ಟವೋ. ಒಳ್ಳೆಯದಾಯಿತಲ್ಲ ಎಂದು ನಾವು ಹೇಳಹೋದರೆ ಅವಳು ನಮ್ಮ ಮೇಲೆ ಹರಿಹಾಯ್ದಳು. "ಏನು ಒಳ್ಳೇದು? ಇಬ್ಬರೂ ಒಂದೇ ಕಡೆ ಕೂತಿದ್ವಿ. ನನ್ನ ಪಕ್ಕ ಕೂತ್ಕೋಬೇಕು ಅಂತ ಬಂದವನ ಎದೆಗೆ ಹೋಯ್ತು, ನಂಗೆ ಏನೂ ಆಗಿಲ್ಲ. ಇದಕ್ಕೆ ಒಳ್ಳೇದು ಅಂತಾರಾ?" ಅವತ್ತೇ ಮಿಷನ್ನನ್ನು ಶೆಡ್ಡಿನಿಂದ ಎತ್ತಿ ಗುಜರಿಯವನ ಗಾಡಿಗೆ ಹಾಕಿದಳು. ಅಲ್ಲಿಂದ ಮುಂದೆ ಚಿಪ್ಪುಗಳನ್ನು ನೀರಲ್ಲಿ ನೆನೆಸಿ ಇಕ್ಕಳದಿಂದ ಒಂದೊಂದಾಗಿ ಮುರಿದಳು. ಬೆರಳುಗಳ ಸಂದಿ ಬಿರಿದು ರಕ್ತ ಬಂದರೂ ನಿಲ್ಲಿಸಲಿಲ್ಲ.

ತನ್ನ ಮಿಷನ್ ಧೂಳಿನ ವಿಷಯ ಮೇಸ್ತ್ರಿಗೆ ಹೇಳಿದ್ದು ಅವಳೇ. ಅಡುಗೆ ಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಅವನು ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಹುಚ್ಚಿ," ಎಂದ. ಸುಧಾರಿಸಿಕೊಂಡು, "ನೀನು ದೂರ ಹೋಗು ಅಂತಿದ್ದೆ. ಹೋಗದೆ ಇದ್ದಿದ್ದು ನಾನು," ಎಂದ. ಇನ್ನೂ ಸ್ವಲ್ಪ ಸುಧಾರಿಸಿಕೊಂಡು, "ಮತ್ತೆ ಹೇಳಿದ್ರೂ ಹೋಗಲ್ಲ," ಎಂದ.

ಆ ಮಾತಿನಿಂದ ಅವಳಿಗೆ ಸಮಾಧಾನ ಆಗಲಿಲ್ಲ. ಆಗಲಿ ಎಂದೇ ಅವನು ಹೇಳಿದ್ದು ಎಂಬುದು ಅವಳಿಗೆ ಗೊತ್ತಿತ್ತು.

ದಂಡೆಯ ಮೇಲೆ ಕಂಬಿ ಕಟ್ಟಲು ಉಳಿದದ್ದು ಕಾಲುಮೀನು ಒಂದೇ. ಮೇಡಂ ಬೇರೆ ಕಂಬಿಯವನನ್ನು ಕರೆಯಲು ನೋಡಿದರು. ಮೇಸ್ತ್ರಿ ಕೇಳಲಿಲ್ಲ. ಬಾಡಿಗೆಗೆ ತಂದ ಆಮ್ಲಜನಕದ ಸಿಲಿಂಡರು, ಒಂದು ಪ್ಲಾಸ್ಟಿಕ್ ಕುರ್ಚಿ, ಇಷ್ಟನ್ನೂ ಆಟೋದಲ್ಲಿ ಹೇರಿಕೊಂಡು ಕೆಲಸದ ಜಾಗಕ್ಕೆ ಬಂದ. ಕಂಬಿ ಬಗ್ಗಿಸುವುದು ಹೋಗಲಿ, ಎತ್ತುವುದಕ್ಕೂ ಅವನ ಕೈಯಲ್ಲಿ ತ್ರಾಣವಿರಲಿಲ್ಲ. ಚಿಪ್ಪಕ್ಕ ಸೆರಗು ಬಿಗಿದು, ಅವನ ಚಕ್ಕಳದ ಕೈಗವಸು ಹಾಕಿಕೊಂಡು ನಿಂತಳು.

"ಹೇಳು. ಎಲ್ಲಿ ಬಗ್ಗಿಸ್ಲಿ?"

ಚೂರು ಜೋಡಿಸುವ ಕೈ ಅದು, ಕಬ್ಬಿಣದ ಜೊತೆ ಗುದ್ದಾಡಿ ರೂಢಿಯಿಲ್ಲ. ಮೊದಲ ದಿನ ಬಗ್ಗಿಸಿದ ಕಂಬಿ ಮೀನಿನ ಬೆನ್ನಿನ ಬದಲು ಒಡೆದ ಕೊಡೆಯ ಹಾಗಾಯಿತು. ಮೇಸ್ತ್ರಿಗೆ ನಗು ಬಂತು, ನಗುವಿನಿಂದ ಕೆಮ್ಮು, ಕೆಮ್ಮಿನಿಂದ ಮುಖ ನೀಲಿ. ಅವಳು ಕಂಬಿ ಬಿಸಾಡಿ ಓಡಿ ಬಂದು ಬೆನ್ನು ಉಜ್ಜಿದಳು. ಆಮೇಲೆ ಅವನು ನಗುವುದನ್ನು ಬಿಟ್ಟ. ನಗು ಬಂದರೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ.

ದಿನ ಕಳೆದಂತೆ ಕೆಲಸ ಅವಳ ಕೈಗೆ ಹತ್ತಿತು. ಬೆನ್ನುಮೂಳೆ ಎದ್ದಿತು, ಪಕ್ಕೆಲುಬುಗಳು ಬಂದವು. ಮುಂದಿನ ಎರಡು ರೆಕ್ಕೆಗಳಿಗೆ ಅವನು ಹೇಳಿದ ಹಾಗೇ ದಪ್ಪ ಕಂಬಿ ಒಂದು, ಅದರ ತುದಿಗೆ ಎರಡು, ಅದರ ತುದಿಗೆ ಗೊಂಚಲು. ತಂತಿಯ ಗಂಟು ಹಾಕುವುದನ್ನು ಮಾತ್ರ ಅವನೇ ಮಾಡುತ್ತೇನೆ ಎಂದ. ಅವಳು ಅವನ ಕುರ್ಚಿಯನ್ನು ಎಳೆದು ಗಂಟಿನ ಹತ್ತಿರ ತರುವುದು, ಅವನು ಕೊಕ್ಕೆಯಿಂದ ತಿರುವುವುದು. ಒಂದು ಗಂಟಿಗೆ ಒಂದಿಷ್ಟು ವಿಶ್ರಾಂತಿ. ಹೀಗೆ ಒಂದೊಂದೇ ಗಂಟು ಬಿಗಿಯುತ್ತ ಸಂಜೆಯಾಗುತ್ತಿತ್ತು.

ಅವನ ಮಾತು ಸವೆದು ಹೋದದ್ದನ್ನು ನೋಡಿ ಸಹಿಸುವುದು ನಮಗೇ ಕಷ್ಟವಾಗುತ್ತಿತ್ತು. ಮೊದಲು ಉದ್ದ ವಾಕ್ಯ ಹೋಯಿತು. "ಎಡಕ್ಕೆ. ಇನ್ನೂ. ಸಾಕು." ಆಮೇಲೆ ಅದೂ ಭಾರವಾಗಿ, ಸ್ಪ್ಯಾನರಿನಿಂದ ಕುರ್ಚಿಯ ಕಾಲಿಗೆ ಬಡಿಯುತ್ತಿದ್ದ. ಒಂದು ಸಲ ಬಡಿದರೆ ಇನ್ನೂ ಬಗ್ಗಿಸು ಎಂದು, ಎರಡು ಸಲ ಬಡಿದರೆ ನಿಲ್ಲಿಸು ಎಂದು. ಅಷ್ಟು ಹರಟುತ್ತಿದ್ದ ಗಂಡಸು ಪ್ಲಾಸ್ಟಿಕ್ಕಿಗೆ ಕಬ್ಬಿಣ ತಾಗಿಸಿ ಹೆಂಡತಿಯ ಜೊತೆ ಮಾತಾಡುತ್ತಿದ್ದ. ಅದಕ್ಕೆ ಸರಿಯಾಗಿ, ಯಾವತ್ತೂ ಬಾಯಿ ತೆರೆಯದ ಚಿಪ್ಪಕ್ಕ ಒಂದೇ ಸಮನೆ ಮಾತಾಡಲು ಶುರು ಮಾಡಿದ್ದಳು. ಅತ್ತೆ ಬೆಳಿಗ್ಗೆ ಏನು ಬೈದರು, ಪಕ್ಕದ ಮನೆಯ ಬೆಕ್ಕು ಎಲ್ಲಿ ಮರಿ ಹಾಕಿತು, ಗಾರೆಗೆ ಇವತ್ತು ನೀರು ಹೆಚ್ಚಾಯಿತು. ಮೌನ ಬಿದ್ದರೆ ಸಿಲಿಂಡರಿನ ಸಪ್ಪಳ ಕೇಳಿಸುತ್ತಿತ್ತು. ಅದು ಕೇಳಿಸಬಾರದೆಂದು ಅವಳು ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದಳು.

ಕಾಲುಮೀನಿನ ತಲೆಯ ಕಂಬಿ ಕೂರಿಸಿದ ದಿನ ಮೇಡಂ ಬಂದು ಸುತ್ತ ನೋಡಿ, ಮೇಸ್ತ್ರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತೆರೆದ ಬಾಯಿ ಮೇಲಕ್ಕೆತ್ತಿ, ಮುಂದಿನ ರೆಕ್ಕೆಗಳನ್ನು ನೆಲಕ್ಕೂರಿ, ಏಳಲು ಹೆಣಗುತ್ತಿದ್ದಂತೆ ಅದು ನಿಂತಿತ್ತು. ಮೇಸ್ತ್ರಿ ಸ್ಪ್ಯಾನರಿನಿಂದ ಎರಡು ಸಲ ಬಡಿದ. ಸಾಕು, ಮುಗಿಯಿತು ಎಂದು.

ಆ ವಾರ ಕಳೆಯುವುದರೊಳಗೆ ಅವನು ತೀರಿಕೊಂಡ. ಮಧ್ಯಾಹ್ನ, ಮನೆಯಲ್ಲೇ, ಹೆಂಡತಿಯ ಭುಜಕ್ಕೆ ಒರಗಿ ಕೂತಿದ್ದಾಗ. ಅವಳು ಏನೋ ಹೇಳುತ್ತಿದ್ದಳಂತೆ. ಅವನು ಕೇಳುತ್ತಿಲ್ಲ ಎಂದು ಗೊತ್ತಾಗುವ ಮೊದಲು ಎಷ್ಟು ಹೊತ್ತು ಮಾತಾಡಿದೆನೋ ಎಂದು ಆಮೇಲೆ ಅವಳು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳು. ಒಳಗಿನ ಕೋಣೆಯ ಮುದುಕಿಗೆ ಸುದ್ದಿಯನ್ನು ಕೂಗಿ ಹೇಳಬೇಕಾಯಿತು. ಎರಡು ಸಲ ಕೂಗಬೇಕಾಯಿತು. ಮೊದಲನೆಯ ಸಲ ಅವಳಿಗೆ ಕೇಳಿಸಿರಲಿಲ್ಲ ಎಂದೇ ನಾವು ಅಂದುಕೊಂಡಿದ್ದೇವೆ.

ಚಿಪ್ಪಕ್ಕ ಕೆಲಸಕ್ಕೆ ಮರಳಿದಳು. ಬೇಗನೇ ಮರಳಿದಳು, ನಾವೆಲ್ಲ ಅಚ್ಚರಿಪಡುವಷ್ಟು ಬೇಗ. ಹುಳಪ್ಪನ ಬಾಲ ಮುಗಿಸಿದಳು, ಇನ್‌ಸ್ಪೆಕ್ಟರನ ಕವಚಕ್ಕೆ ಬೂದು ಚಿಪ್ಪು ಕೂರಿಸಿದಳು. ಕಾಲುಮೀನಿನ ಹತ್ತಿರ ಮಾತ್ರ ಹೋಗಲಿಲ್ಲ. ಜಾಲರಿ ತಂದು ಇಟ್ಟಿದ್ದರು, ಗಾರೆ ಕಲೆಸಲು ಆಳು ಇದ್ದ. ಅವಳು ಆ ಕಡೆ ಬೆನ್ನು ಹಾಕಿ ಕೂತಿರುತ್ತಿದ್ದಳು.

ಮೇಡಂ ಕಾದರು. ಕೊನೆಗೆ ಪಕ್ಕದಲ್ಲಿ ಕೂತು ಕೇಳಿದರು.

"ನಂಗಾಗಲ್ಲ ಮೇಡಂ. ಅವನ ಕೈ ಗಂಟುಗಳು ಅವು. ಎಲ್ಲ ಹೊರಗೇ ಕಾಣ್ತಿವೆ. ಗಾರೆ ಬಳಿದ್ರೆ ಯಾರಿಗೂ ಕಾಣಲ್ಲ. ನಂಗೂ ಕಾಣಲ್ಲ."

"ಹಾಗೇ ಬಿಡೋಣ ಅಂದ್ರೆ ಬಿಡ್ತೀನಿ. ಬೇರೆ ನಾಲ್ಕಕ್ಕೆ ಚರ್ಮ, ಇದಕ್ಕೆ ಇಲ್ಲ ಅಂತ ನಗರಸಭೆಯವರು ಕೇಳಿದ್ರೆ ನಾನು ಉತ್ತರ ಹೇಳ್ಕೊಳ್ತೀನಿ." ಮೇಡಂ ತಡೆದು ತಡೆದು ಮುಂದುವರಿಸಿದರು. "ಆದ್ರೆ ಅಕ್ಕ, ಇದು ಉಪ್ಪುಗಾಳಿ. ಬರೀ ಕಬ್ಬಿಣ ಇಲ್ಲಿ ಬಾಳಲ್ಲ. ಆಗಲೇ ತುಕ್ಕು ಹತ್ತಿದೆ ನೋಡಿ. ಆ ತಂತಿ ಎಲ್ಲಕ್ಕಿಂತ ಮೊದಲು ಹೋಗುತ್ತೆ."

ಅವಳು ಎದ್ದು ಹೋಗಿ ನೋಡಿದಳು. ನಿಜವಾಗಿತ್ತು. ಗಂಟುಗಳ ಸುತ್ತ ಕೆಂಪು ಪುಡಿ. ಬೆರಳಿಟ್ಟರೆ ಬೆರಳಿಗೆ ಅಂಟಿತು.

"ಒಂದು ಕಡೆ ಸ್ವಲ್ಪ ಜಾಗ ಬಿಟ್ಟು ಮುಚ್ಚೋಣ. ಒಂದು ಕಿಟಕಿ ಥರ. ಅಲ್ಲಿಂದ ಒಂದೆರಡು ಗಂಟು ಕಾಣೋ ಹಾಗೆ," ಎಂದರು ಮೇಡಂ.

"ಬೇಡ. ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತೆ," ಎಂದಳು ಚಿಪ್ಪಕ್ಕ.

ಮುಚ್ಚಿದರೆ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಿಟ್ಟರೆ ಕಾಣುತ್ತದೆ, ದಿನಕ್ಕಿಷ್ಟು ಉದುರಿ ಹೋಗುತ್ತದೆ. ಇದನ್ನು ಹೊತ್ತುಕೊಂಡು ಅವಳು ಮನೆಗೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ಅತ್ತೆಗೆ ಉಣ್ಣಿಸುತ್ತಿದ್ದಳು. ಉದ್ಘಾಟನೆಗೆ ದಿನ ಗೊತ್ತಾಯಿತು. ಮೇಡಂ ಅವಳನ್ನು ಒತ್ತಾಯಿಸದೆ ಆಳನ್ನು ಬೇರೆ ಕೆಲಸಕ್ಕೆ ಹಚ್ಚಿದರು.

ಒಂದು ಬೆಳಿಗ್ಗೆ ಮುದುಕಿ ತಾನಾಗಿಯೇ ಕೇಳಿದಳು, "ಅವನು ಕೊನೆಗೆ ಏನೋ ಕಟ್ತಿದ್ನಲ್ಲ, ತೋರಿಸ್ತೀಯಾ?"

ಚಿಪ್ಪಕ್ಕ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ದಂಡೆಗೆ ಕರೆತಂದಳು. ನಾನೂ ಜೊತೆಗೆ ಹೋಗಿದ್ದೆ, ಮುದುಕಿಯನ್ನು ಇಳಿಸಲು ಇನ್ನೊಂದು ಕೈ ಬೇಕಿತ್ತು. ಗಾಳಿ ಜೋರಾಗಿತ್ತು. ಮುದುಕಿ ಚಿಪ್ಪು ಹೊದ್ದ ಪ್ರಾಣಿಗಳನ್ನೆಲ್ಲ ದಾಟಿ ಬಂದು ಕಾಲುಮೀನಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಪಕ್ಕೆಲುಬಿನ ಕಂಬಿಯೊಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ಕಂಬಿಗಳ ನಡುವಿನಿಂದ ಗಾಳಿ ಸುಯ್ಯೆಂದು ಹಾದು ಹೋಗುತ್ತಿತ್ತು.

"ಇದೇನೇ ಹುಡುಗಿ, ಇವನನ್ನ ಹೀಗೆ ನಿಲ್ಲಿಸಿದ್ದೀಯಾ?" ಎಂದಳು. "ಎಲ್ಲರಿಗೂ ಮೈ ತುಂಬ ಹೊದಿಸಿದ್ದೀಯ. ಇವನನ್ನ ಮಾತ್ರ ಗಾಳಿಗೆ ಬಿಟ್ಟಿದ್ದೀಯಲ್ಲ. ಹೊದಿಸೇ ಅವನಿಗೆ. ಹೊದಿಸು."

ತನ್ನ ಮೈಮೇಲಿದ್ದ ಶಾಲನ್ನು ತೆಗೆದು ಆ ಕಬ್ಬಿಣದ ಬೆನ್ನಿನ ಮೇಲೆ ಹಾಕಲು ಹೋದಳು. ಗಾಳಿ ಬಿಡಲಿಲ್ಲ. ಚಿಪ್ಪಕ್ಕ ಶಾಲನ್ನು ಹಿಡಿದು ಮತ್ತೆ ಅತ್ತೆಗೇ ಸುತ್ತಿ, ಆ ಮುದುಕಿಯ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು ಅಲ್ಲೇ ಕಾಲುದಾರಿಯ ಅಂಚಿನಲ್ಲಿ ಕೂತುಬಿಟ್ಟಳು. ಅವನು ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಆವತ್ತೇ. ಅಳುವಿಗೂ ಅವಳ ಬಾಯಲ್ಲಿ ಸದ್ದಿರಲಿಲ್ಲ. ಮುದುಕಿಯೇ ಇಬ್ಬರ ಪರವಾಗಿಯೂ ಗಟ್ಟಿಯಾಗಿ ಅತ್ತಳು. ಬೆಳಗಿನ ನಡಿಗೆಗೆ ಬಂದಿದ್ದವರು ದೂರದಿಂದಲೇ ಸುತ್ತು ಹಾಕಿ ಹೋದರು.

ಮಧ್ಯಾಹ್ನವೇ ಅವಳು ಜಾಲರಿ ಹೊದಿಸಲು ಶುರು ಮಾಡಿದಳು. ಮೊದಲು ಪ್ರತಿ ಗಂಟನ್ನೂ ಒರಟು ಕಾಗದದಿಂದ ಉಜ್ಜಿ, ತುಕ್ಕು ಬಿಡಿಸಿ, ಮತ್ತೆ ತುಕ್ಕು ಹತ್ತದಂತೆ ತಡೆಯುವ ಕೆಂಪು ಬಣ್ಣ ಹಚ್ಚಿದಳು. ಒಂದನ್ನೂ ಬಿಡಲಿಲ್ಲ. ಗಾರೆಯನ್ನು ಆಳಿಗೆ ಕೊಡದೆ ತಾನೇ ಕಲೆಸಿದಳು. ಕರಣೆಯಿಂದ ಬಳಿಯಲಿಲ್ಲ, ಕೈಯಿಂದಲೇ ಒತ್ತಿದಳು. ಒಂದೊಂದು ಗಂಟು ಮರೆಯಾಗುವಾಗಲೂ ಕೈ ಸ್ವಲ್ಪ ನಿಲ್ಲುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು ಎಂದು ಮೇಡಂ ಹೇಳಿದರು. ಬೆನ್ನಿಗೆ ಗಾಢ ಹಸಿರು ಚಿಪ್ಪು, ಹೊಟ್ಟೆಗೆ ಜೇನಿನ ಬಣ್ಣದ್ದು. ತೆರೆದ ಬಾಯೊಳಗೆ ಬಿಳಿ ಬೇಡ, ಕೆಂಪು ಹಾಕೋಣ ಎಂದು ಮೇಡಂ ಹೇಳಿದ್ದಕ್ಕೆ ಒಪ್ಪಿದಳು.

ಉದ್ಘಾಟನೆಗೆ ಅವಳು ಹೋಗಲಿಲ್ಲ. ಅತ್ತೆಗೆ ಮೈ ಬೆಚ್ಚಗಿದೆ ಎಂದಳು. ನಾವು ಹೋಗಿ ಬಂದೆವು. ಭಾಷಣಗಳು ಆದವು. ಮೇಡಂ ತಮ್ಮ ಮಾತಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ನೆನೆದರು. ಭಾಷಣ ಮುಗಿಯುವವರೆಗೆ ಮಕ್ಕಳು ತಡೆದುಕೊಳ್ಳಲಿಲ್ಲ, ಹಗ್ಗದ ಕೆಳಗೆ ನುಸುಳಿ ಪ್ರಾಣಿಗಳ ಮೇಲೆ ಹತ್ತಿದರು. ಹೆಚ್ಚು ಗಲಾಟೆ ಕಾಲುಮೀನಿನ ಬೆನ್ನಿನ ಮೇಲೆ. ಅದರ ಬಾಯೊಳಗೆ ತಲೆ ತೂರಿಸಿ ಕೂಗಿದರೆ ದನಿ ದೊಡ್ಡದಾಗಿ ಕೇಳುತ್ತದೆ ಎಂದು ಯಾರೋ ಕಂಡುಹಿಡಿದಿದ್ದರು. ಬಂದು ಇದನ್ನೆಲ್ಲ ಹೇಳಿದರೆ ಚಿಪ್ಪಕ್ಕ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

ಮಿಷನ್ ಇಲ್ಲದೆ ಅವಳ ಕೆಲಸ ನಿಧಾನವಾಯಿತು, ಅವಸರದ ಜನ ಬೇರೆಯವರನ್ನು ಹುಡುಕಿಕೊಂಡರು. ಶೆಡ್ಡಿನಲ್ಲಿ ಅವಳು ಕೂರುವ ಜಾಗದ ಪಕ್ಕ ಚಿಪ್ಪಿನ ಬುಟ್ಟಿಗಳನ್ನು ಒಟ್ಟಿ ತುಂಬಿಸಿಟ್ಟಿದ್ದಳು, ಅಲ್ಲಿ ಬೇರೆ ಯಾರಿಗೂ ಕೂರಲು ಎಡೆ ಇರಲಿಲ್ಲ. ನಾವು ಮಾತಾಡಲು ಹೋದರೆ ನಿಂತೇ ಮಾತಾಡಿ ಬರಬೇಕು. ಅವಳ ಮಾತು ಮೊದಲಿನಂತೆ ಕಡಿಮೆಯಾಯಿತು. ದಂಡೆಯ ಕಡೆ ಹೋಗಬೇಕಾದರೆ ಸುತ್ತಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದಳು.

ಮುಂದಿನ ವರ್ಷದ ಮಳೆಗಾಲ ಕಳೆದ ಮೇಲೆ ಮೇಡಂ ಫೋನ್ ಮಾಡಿದರು. ಕಾಲುಮೀನಿನ ಮುಂದಿನ ರೆಕ್ಕೆಯ ಹತ್ತಿರ ಕೆಲವು ಚಿಪ್ಪು ಕಿತ್ತು ಬಂದಿವೆ, ಬೇರೆಯವರಿಂದ ಸರಿ ಮಾಡಿಸಲೇ, ನೀವೇ ಬರುತ್ತೀರಾ ಎಂದು. ಚಿಪ್ಪಕ್ಕ ಸಾಮಾನಿನ ಚೀಲ ಹೊತ್ತು ತಾನೇ ಹೋದಳು.

ಚಿಪ್ಪು ಬಿದ್ದ ಕಡೆ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿರುಕಿನಿಂದ ಕೆಳಕ್ಕೆ ಕಂದು ಬಣ್ಣದ ಒಂದು ಗೆರೆ ಇಳಿದಿತ್ತು. ಒಳಗಿನ ಕಬ್ಬಿಣಕ್ಕೆ ನೀರು ತಾಗಿದೆ ಎಂದು ಅದರ ಅರ್ಥ. ಅಷ್ಟೆಲ್ಲ ಉಜ್ಜಿ, ಬಣ್ಣ ಹಚ್ಚಿ, ಕೈಯಿಂದ ಒತ್ತಿ ಮುಚ್ಚಿದ್ದರೂ ಎಲ್ಲಿಂದಲೋ ಒಳಗೆ ಹೋಗಿತ್ತು. ಅವಳು ಉಳಿಯಿಂದ ಬಿರುಕನ್ನು ಬಿಡಿಸಿದಳು. ಅಂಗೈಯಗಲ ಗಾರೆ ಉದುರಿತು. ಅಲ್ಲಿ ಎರಡು ಕಂಬಿ ಕೂಡುವ ಜಾಗ ಕಾಣಿಸಿತು. ತಂತಿಯ ಗಂಟು ಇರಬೇಕಾದ ಕಡೆ ಬರೀ ಕೆಂಪು ಪುಡಿ ಇತ್ತು. ಬೆರಳು ತಾಗಿಸಿದಳು, ಉದುರಿತು.

ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ ಒಬ್ಬಾಕೆ ಕೇಳಿದಳು, "ಆಗೋಕೆ ಎಷ್ಟು ಹೊತ್ತಾಗುತ್ತೆ? ಇವಳಿಗೆ ಇದರ ಮೇಲೇ ಹತ್ತಬೇಕಂತೆ, ಬೇರೆ ಬೇಡವಂತೆ."

"ಇವತ್ತು ಹತ್ತಿಸಬೇಡಮ್ಮ, ಹಸಿ ಇರುತ್ತೆ," ಎಂದಳು ಚಿಪ್ಪಕ್ಕ.

ತುಕ್ಕನ್ನು ಪೂರ್ತಿ ಕೆರೆದಳು. ಚೀಲದಿಂದ ಹೊಸ ತಂತಿ ತೆಗೆದು, ಆ ಇಕ್ಕಟ್ಟಿನಲ್ಲೇ ಕೊಕ್ಕೆ ತೂರಿಸಿ, ಅವನು ತಿರುವುತ್ತಿದ್ದ ಹಾಗೆ ತಿರುವಲು ನೋಡಿದಳು. ಮೊದಲ ಸಲ ತುಂಡಾಯಿತು. ಎರಡನೆಯ ಸಲ ನಿಂತಿತು. ಬಣ್ಣ ಹಚ್ಚಿ, ಅದು ಒಣಗುವವರೆಗೂ ಮೀನಿನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದು, ಆಮೇಲೆ ಗಾರೆ ತುಂಬಿ ಚಿಪ್ಪು ಕೂರಿಸಿದಳು.

ಅವಳು ಮನೆಗೆ ಬಂದಾಗ ನಾನು ಹೊರಗೆ ನಿಂತಿದ್ದೆ. ಶೆಡ್ಡಿನಲ್ಲಿ ಚೀಲ ಇಳಿಸಿದ ಸದ್ದು ಮುದುಕಿಗೆ ಹೇಗೆ ತಿಳಿಯಿತೋ, ಒಳಗಿಂದ ಕೂಗಿ ಕೇಳಿದಳು.

"ದಂಡೆಗೆ ಹೋಗಿದ್ಯಾ? ಹೇಗಿದ್ದಾನೆ?"

ಚಿಪ್ಪಕ್ಕ ಕೈಯ ಗಾರೆಯನ್ನೂ ತೊಳೆಯದೆ ಒಳಗೆ ಹೋದಳು. ಅತ್ತೆಯ ಎಡಗಿವಿಗೆ ಬಾಗಿ ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

"ಚೆನ್ನಾಗಿದ್ದಾನೆ ಅತ್ತೆ. ಸ್ವಲ್ಪ ಕೈ ನೋವಿತ್ತು. ನೋಡಿ ಬಂದೆ."